ಬನವಾಸಿಯನ್ನು ನೆನೆದ ಊರು

ಹೈದರಾಬಾದಿನ ಕನ್ನಡಿಗರಿಗೆ ಶುಕ್ರವಾರ ಸಂಜೆ ಆಯಿತೆಂದರೆ ಕಾಲು ನಿಲ್ಲುವುದಿಲ್ಲ. ಬೆಂಗಳೂರು, ಮೈಸೂರು ಕಡೆಯವರು ಕಾಚಿಗುಡಾ ಸ್ಟೇಷನ್ನಿನಲ್ಲಿ ಸೇರುತ್ತಾರೆ. ಬೀದರ, ಕಲಬುರಗಿ, ರಾಯಚೂರಿನವರು ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ತಮ್ಮೂರಿನ ಬೋರ್ಡು ಹುಡುಕುತ್ತ ನಿಂತಿರುತ್ತಾರೆ. ಆ ಹೊತ್ತಿಗೆ ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೂ ಸಾಕು, ನಾಲ್ಕಾರು ಜಿಲ್ಲೆಗಳ ಕನ್ನಡ ಕಿವಿಗೆ ಬೀಳುತ್ತದೆ. ಊರಿಗೆ ಹೋಗಲು ಆಗದವರಿಗೆ ಟ್ಯಾಂಕ್‌ಬಂಡ್ ಇದೆ, ಗೋಲ್ಕೊಂಡ ಇದೆ, ಏನೂ ಇಲ್ಲದಿದ್ದರೆ ಸಿನಿಮಾ ಇದೆ. ಇವೆರಡೂ ಬೇಡ ಅನ್ನಿಸಿದಾಗ ನಾನು ಹಿಡಿಯುವ ಮೂರನೆಯ ದಾರಿಯೊಂದುಂಟು. ಅದು ಊರಿನ ದಿಕ್ಕಿಗೆ ಬೆನ್ನು ಹಾಕಿ, ಉತ್ತರಕ್ಕೆ ಹೋಗುವ ದಾರಿ. ಸಿಕಂದರಾಬಾದಿನ ಜುಬಿಲಿ ಬಸ್ ನಿಲ್ದಾಣದಲ್ಲಿ ಹತ್ತಿದರೆ ಸಿದ್ದಿಪೇಟೆ, ಸಿರಿಸಿಲ್ಲ ದಾಟಿ ಸುಮಾರು 150 ಕಿ.ಮೀ. ದೂರದ ವೇಮುಲವಾಡ. ಮರುದಿನ ಅಲ್ಲಿಂದ ಗಂಗಾಧರ ಮಂಡಲದ ಕುರಿಕ್ಯಾಲ ಎಂಬ ಹಳ್ಳಿ.

ವೇಮುಲವಾಡ ಯಾವಾಗಲೂ ಶಾಂತವಾದ ಊರು ಅಂತ ಹೇಳಿದರೆ ಸುಳ್ಳಾದೀತು. ತೆಲಂಗಾಣದ ಜನ ಪ್ರೀತಿಯಿಂದ ರಾಜನ್ನ ಅಂತ ಕರೆಯುವ ರಾಜರಾಜೇಶ್ವರಸ್ವಾಮಿಯ ಕ್ಷೇತ್ರ ಅದು. ಹರಕೆ ಹೊತ್ತವರು ಹೋರಿಯೊಂದನ್ನು ಹಿಡಿದು ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿಸುವ ಪದ್ಧತಿ ಇಲ್ಲಿಯದು. ಅದಕ್ಕೆ ಕೋಡೆ ಮೊಕ್ಕು ಅನ್ನುತ್ತಾರೆ. ಸೋಮವಾರ ಮತ್ತು ಶಿವರಾತ್ರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಜನಸಂದಣಿ ಇಲ್ಲದ ಒಂದು ದಿನ ಹೋದರೆ ಅದೇ ಊರು ನಮ್ಮ ಕಡೆಯ ಒಂದು ಹಳೆಯ ತಾಲ್ಲೂಕು ಕೇಂದ್ರದ ಹಾಗೆ ಇರುತ್ತದೆ. ಕೆರೆ, ಬೇವಿನ ಮರ, ಸಾಲು ಅಂಗಡಿ, ಬಿಸಿ ಸರ್ವಪಿಂಡಿ. ಅಕ್ಕಿ ಹಿಟ್ಟಿಗೆ ಶೇಂಗಾ, ಎಳ್ಳು, ಖಾರ ಹಾಕಿ ತಟ್ಟುವ ಈ ತಿಂಡಿಯನ್ನು ನಮ್ಮ ಅಕ್ಕಿ ರೊಟ್ಟಿಯ ದಾಯಾದಿ ಅಂದರೂ ಅಡ್ಡಿಯಿಲ್ಲ.

ಆದರೆ ನಾನು ಹೇಳಹೊರಟಿದ್ದು ತಿಂಡಿಯ ವಿಷಯವಲ್ಲ. ಕರ್ನಾಟಕದಲ್ಲಿ ಶಾಲೆ ಕಲಿತ ಯಾರಿಗೂ ಬನವಾಸಿ ಅಂದ ಕೂಡಲೇ ಪಂಪನ ನೆನಪಾಗುತ್ತದೆ. ಯಾರು ತಡೆದರೂ ಮನಸ್ಸು ಬನವಾಸಿಗೇ ಓಡುತ್ತದೆ ಎಂಬರ್ಥದ ಅವನ ಪದ್ಯವನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಅದನ್ನು ಬರೆದವನು ಬನವಾಸಿಯಲ್ಲಿ ಕೂತಿರಲಿಲ್ಲ. ವೇಮುಲವಾಡದ ಅರಸನ ಆಸ್ಥಾನದಲ್ಲಿದ್ದ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಎರಡೂ ಊರುಗಳ ನಡುವೆ ಸುಮಾರು 600 ಕಿ.ಮೀ. ಅಂತರವಿದೆ. ಹೊರನಾಡಿನಲ್ಲಿ ಕೂತು ತಾಯ್ನಾಡನ್ನು ನೆನೆಯುವ ಕನ್ನಡಿಗರಿಗೆಲ್ಲ ಆ ಪದ್ಯ ಯಾಕೆ ಅಷ್ಟು ತಾಗುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬೇಕು. ಹತ್ತಿರ ಇರುವ ಊರನ್ನು ಯಾರೂ ಹಾಗೆ ನೆನೆಯುವುದಿಲ್ಲ.

ವೇಮುಲವಾಡದಲ್ಲಿ ಆಳಿದವರು ಚಾಲುಕ್ಯರ ಒಂದು ಶಾಖೆ. ಬಾದಾಮಿಯವರ ದೊಡ್ಡಸ್ತಿಕೆ ಇವರಿಗಿರಲಿಲ್ಲ. ರಾಷ್ಟ್ರಕೂಟರ ಸಾಮಂತರಾಗಿ ಎಂಟನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಈ ಸೀಮೆಯನ್ನು ನೋಡಿಕೊಂಡಿದ್ದವರು. ಮೊದಲು ಇವರ ನೆಲೆ ಈಗಿನ ನಿಜಾಮಾಬಾದ್ ಜಿಲ್ಲೆಯ ಬೋಧನ. ಅಲ್ಲಿ ಈ ವಂಶದ ಯುದ್ಧಮಲ್ಲನು ಐನೂರು ಆನೆಗಳಿಗೆ ಎಣ್ಣೆಯಲ್ಲಿ ಸ್ನಾನ ಮಾಡಿಸುತ್ತಿದ್ದ ಅಂತ ಪಂಪ ಹೇಳುತ್ತಾನೆ. ಕವಿಯ ಲೆಕ್ಕವನ್ನು ಅರ್ಧಕ್ಕೆ ಇಳಿಸಿಕೊಂಡರೂ ಬಹಳ ಎಣ್ಣೆಯೇ ಆಯಿತು. ಮುಂದೆ ಲೇಂಬುಳವಾಡ ಎಂಬ ಹೆಸರಿನ ಈ ಊರು ರಾಜಧಾನಿಯಾಯಿತು. ಇಮ್ಮಡಿ ಅರಿಕೇಸರಿ ಸುಮಾರು ಕ್ರಿ.ಶ. 930ರಿಂದ 955ರವರೆಗೆ ಆಳಿದ. ಸಾಮಂತನಾದರೂ ಗಟ್ಟಿ ಆಳು. ಆಶ್ರಯ ಬೇಡಿ ಬಂದ ಬಿಜ್ಜ ಎಂಬವನನ್ನು ತನ್ನ ಸಾರ್ವಭೌಮನಾದ ರಾಷ್ಟ್ರಕೂಟ ನಾಲ್ಕನೆಯ ಗೋವಿಂದನಿಗೆ ಒಪ್ಪಿಸದೆ ಕಾಪಾಡಿದ. ಕೊನೆಗೆ ಗೋವಿಂದನ ಪಟ್ಟ ಹೋಗಿ ಬದ್ದೆಗನಿಗೆ ದಕ್ಕುವುದರಲ್ಲೂ ಇವನ ಕೈವಾಡವಿತ್ತು. ಇವನನ್ನೇ ಅರ್ಜುನನಿಗೆ ಸಮೀಕರಿಸಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. 941ರಲ್ಲಿ ಮುಗಿದ ‘ಆದಿಪುರಾಣ’ಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಹಿಡಿಯಿತು ಅಂತ ಅವನೇ ಹೇಳಿಕೊಂಡಿದ್ದಾನೆ.

ಇಷ್ಟು ನಮಗೆ ಕಾವ್ಯಗಳಿಂದಲೇ ಗೊತ್ತಿತ್ತು. ಆದರೆ ಪಂಪ ಎಲ್ಲಿಯವನು, ಅವನ ತಾಯಿ ಯಾರು, ಅಣ್ಣತಮ್ಮಂದಿರು ಇದ್ದರೇ ಅಂತ ಕೇಳಿದರೆ ಕಾವ್ಯಗಳಿಂದ ಪೂರ್ತಿ ಉತ್ತರ ಸಿಗುತ್ತಿರಲಿಲ್ಲ. ಕನ್ನಡದ ವಿದ್ವಾಂಸರು ಇದರ ಮೇಲೆ ಎಷ್ಟು ವಾದ ಮಾಡಿದ್ದಾರೆ ಅನ್ನುವುದು ಹಳೆಯ ಪತ್ರಿಕೆಗಳನ್ನು ತಿರುವಿದವರಿಗೆ ಗೊತ್ತು. ಉತ್ತರ ಕರ್ನಾಟಕದೊಳಗೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಕುರಿಕ್ಯಾಲದ ಗುಡ್ಡದ ಮೇಲೆ.

ಕರೀಂನಗರದಿಂದ ಜಗಿತ್ಯಾಲದ ಕಡೆ ಹೋಗುವ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನಷ್ಟು ಹೋದರೆ ಈ ಹಳ್ಳಿ ಬರುತ್ತದೆ. ಗದ್ದೆ, ಹತ್ತಿ ಹೊಲ, ಸಾಲು ತಾಳೆ ಮರ. ನಡುವೆ ಉಂಡೆ ಉಂಡೆಯಾಗಿ ಪೇರಿಸಿದ ಹಾಗೆ ಕಲ್ಲಿನ ಗುಡ್ಡಗಳು. ಇದರ ಹೆಸರು ಬೊಮ್ಮಲಗುಟ್ಟ, ಅಂದರೆ ಬೊಂಬೆಗಳ ಗುಡ್ಡ. ಊರವರು ಬೊಮ್ಮಲಮ್ಮ ಗುಟ್ಟ ಅಂತಲೂ ಅನ್ನುತ್ತಾರೆ. ಬಂಡೆಯ ಮೇಲೆ ಕೆತ್ತಿದ ಜೈನ ಯಕ್ಷಿ ಯಾವಾಗಲೋ ಊರಿನ ಅಮ್ಮನಾಗಿ ಮನೆ ಸೇರಿದ್ದಾಳೆ.

ನಾನು ಮೊದಲ ಸಲ ಹೋದಾಗ ಗುಡ್ಡದ ಬುಡದಲ್ಲಿ ಮೇಕೆ ಬಿಟ್ಟುಕೊಂಡು ಕೂತಿದ್ದ ಮುದುಕರೊಬ್ಬರು, “ಯಾಡಿಕೆಲ್ಲಿ ಅಚ್ಚಿನವ್ ಬಿಡ್ಡಾ?” ಅಂದರು. ಎಲ್ಲಿಂದ ಬಂದೆ ಮಗು ಅಂತ. ಕರ್ನಾಟಕದವನು, ಹೈದರಾಬಾದಿನಲ್ಲಿ ನೌಕರಿ, ಶಾಸನ ನೋಡಲು ಬಂದೆ ತಾತಾ ಅಂತ ನನ್ನ ಹರಕು ತೆಲುಗಿನಲ್ಲಿ ಹೇಳಿದೆ. “ಬಂಡೆಯ ಮೇಲಿನ ಅಕ್ಷರ ನಿಧಿಯ ಗುರುತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಓದಲಿಕ್ಕೆ ಬಂದವರು ಓದಿ ಹೋದರು. ನಿಧಿ ಮಾತ್ರ ಯಾರೂ ತೆಗೆಯಲಿಲ್ಲ” ಅಂತ ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬಂಡೆಯ ಮೈಮೇಲೆ ಚಕ್ರೇಶ್ವರಿ ಮತ್ತು ತೀರ್ಥಂಕರರ ವಿಗ್ರಹಗಳಿವೆ. ಕೆಳಗೆ ಹನ್ನೊಂದು ಸಾಲಿನ ಬರಹ. ಇದನ್ನು ಬರೆಸಿದವನು ಜಿನವಲ್ಲಭ, ಪಂಪನ ತಮ್ಮ. ಕಾಲ ಸುಮಾರು ಕ್ರಿ.ಶ. 945. ಚಕ್ರೇಶ್ವರಿಯೆಂದರೆ ಆದಿನಾಥನ ಯಕ್ಷಿ. ಅಣ್ಣ ಆದಿನಾಥನ ಕಥೆಯನ್ನು ಕಾವ್ಯದಲ್ಲಿ ಬರೆದರೆ ತಮ್ಮ ಅವನ ಯಕ್ಷಿಯನ್ನು ಕಲ್ಲಿನಲ್ಲಿ ಕಡೆಸಿದ. ಸಬ್ಬಿನಾಡಿನ ನಡುವೆ ಇರುವ ಧರ್ಮಪುರ, ಅದರ ಬಡಗಣ ದಿಕ್ಕಿಗೆ ವೃಷಭಗಿರಿ ಅಂತ ಶಾಸನ ಜಾಗದ ಗುರುತು ಹೇಳುತ್ತದೆ. ಆ ಧರ್ಮಪುರವೇ ಅರಿಕೇಸರಿಯು ಕಾವ್ಯಕ್ಕಾಗಿ ಪಂಪನಿಗೆ ಕೊಟ್ಟ ಅಗ್ರಹಾರ. ಜಿನವಲ್ಲಭ ಇಲ್ಲಿ ತ್ರಿಭುವನತಿಲಕ ಎಂಬ ಬಸದಿ ಕಟ್ಟಿಸಿದ, ಮದನವಿಲಾಸ ಎಂಬ ತೋಟ ಮಾಡಿಸಿದ, ಒಂದು ಕೆರೆ ಕಟ್ಟಿಸಿ ಅದಕ್ಕೆ ಕವಿತಾಗುಣಾರ್ಣವ ಅಂತ ಹೆಸರಿಟ್ಟ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಅಣ್ಣನ ಹೆಸರಿನಲ್ಲಿ ತಮ್ಮ ಕೆರೆ ಕಟ್ಟಿಸಿದ್ದು. ಕವಿಗೆ ಗೌರವ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಹೊಳೆಯುವುದಿಲ್ಲ. ಕಾವ್ಯ ಓದಲು ಬಾರದವರೂ ಅದರ ನೀರು ಕುಡಿದಿರುತ್ತಾರೆ.

ಈಗ ಮನೆತನದ ವಿಷಯಕ್ಕೆ ಬರೋಣ. ತಂದೆ ಭೀಮಪಯ್ಯ. ವೆಂಗಿನಾಡಿನ ವೆಂಗಿಪಳು ಎಂಬ ಅಗ್ರಹಾರದ, ಕಮ್ಮೆ ಬ್ರಾಹ್ಮಣರ ವಂಶದವನು, ಜೈನಮತಕ್ಕೆ ಬಂದವನು. ವೆಂಗಿ ಅಂದರೆ ಕೃಷ್ಣಾ ಗೋದಾವರಿ ನದಿಗಳ ಕೆಳಗಿನ ಬಯಲು, ಈಗಿನ ಕರಾವಳಿ ಆಂಧ್ರ. ತಾಯಿಯ ಹೆಸರು ಅಬ್ಬಣಬ್ಬೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ನಾನು ಗದಗ ಕಡೆಯವನು. ಅಣ್ಣಿಗೇರಿಯ ಅಮೃತೇಶ್ವರನ ಗುಡಿಯ ಮುಂದೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಪಕ್ಕದ ಊರಿನ ಒಬ್ಬ ಹೆಣ್ಣುಮಗಳ ಹೆಸರು ಸಾವಿರ ವರ್ಷದಿಂದ ಕರೀಂನಗರದ ಬಂಡೆಯೊಂದರ ಮೇಲೆ ಬಿಸಿಲಿಗೆ ಮಳೆಗೆ ಅಳಿಯದೆ ನಿಂತಿದೆ ಅಂದರೆ ಅದನ್ನು ಕಂಡ ಕ್ಷಣ ಏನನ್ನಿಸಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಿ. ತನ್ನ ಕನ್ನಡ ಪುಲಿಗೆರೆಯ ಕನ್ನಡ ಅಂತ ಪಂಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಪುಲಿಗೆರೆ ಅಂದರೆ ಈಗಿನ ಲಕ್ಷ್ಮೇಶ್ವರ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಅಕ್ಕಪಕ್ಕದ ನಾಡುಗಳು. ಶಾಸನಗಳಲ್ಲಿ ಬಹಳ ಸಲ ಜೋಡಿಯಾಗಿಯೇ ಬರುತ್ತವೆ. ಅಂದರೆ ಅವನು ಕೊಚ್ಚಿಕೊಂಡ ಕನ್ನಡ ತಂದೆಯ ಕಡೆಯಿಂದ ಬಂದದ್ದಲ್ಲ, ತಾಯಿಯ ತವರಿನದು. ವೆಂಗಿಯ ಮನೆತನ, ತೆಲಂಗಾಣದ ಆಸ್ಥಾನ, ಅಬ್ಬೆಯ ತವರಿನ ಮಾತು, ಬನವಾಸಿಯ ಹಂಬಲ. ಬನವಾಸಿಗೂ ಅವನಿಗೂ ಇದ್ದ ನಂಟು ಯಾವ ಬಗೆಯದು ಎಂಬ ಚರ್ಚೆ ಹಾಗೇ ಉಳಿದಿದೆ. ಆದರೆ ನಾಲ್ಕು ಕಡೆ ನಾಲ್ಕು ಎಳೆ ಇದ್ದ ಮನುಷ್ಯನಿಂದಲೇ ಕನ್ನಡದ ಮೊದಲ ಮಹಾಕಾವ್ಯಗಳು ಬಂದವು. ಅಚ್ಚ ಒಂದೇ ಊರಿನ ಮಣ್ಣಿನಿಂದ ಎದ್ದವನನ್ನು ಹುಡುಕುವವರಿಗೆ ಪಂಪ ಸಿಗುವುದಿಲ್ಲ.

ಇಷ್ಟು ಕನ್ನಡದ ಪಾಲಿಗಾಯಿತು. ಆದರೆ ಬಂಡೆಯ ಮೇಲಿನ ಬರಹ ಬರೀ ಕನ್ನಡದ್ದಲ್ಲ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಕೊನೆಯಲ್ಲಿ ಬರುವ ಮೂರು ಕಂದಪದ್ಯಗಳು ಅಚ್ಚ ತೆಲುಗಿನವು. ತೆಲುಗಿನ ಆದಿಕವಿ ನನ್ನಯ ಮಹಾಭಾರತಕ್ಕೆ ಕೈಹಾಕಿದ್ದು ಹನ್ನೊಂದನೆಯ ಶತಮಾನದಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ತೆಲುಗಿನಲ್ಲಿ ಕಂದ ಹೀಗೆ ಪಳಗಿತ್ತು ಅನ್ನುವುದಕ್ಕೆ ಈ ಬಂಡೆಯೇ ಸಾಕ್ಷಿ. ಹಾಗಾಗಿ ತೆಲುಗಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಬೇಕು ಅಂತ ವಾದ ಮಂಡಿಸುವಾಗ ಅವರು ತೋರಿಸಿದ ಆಧಾರಗಳಲ್ಲಿ ಇದೂ ಒಂದು. ಆ ಸ್ಥಾನ ಪ್ರಕಟವಾದದ್ದು 2008ರ ಅಕ್ಟೋಬರ್ 31ರಂದು. ಕನ್ನಡಕ್ಕೂ ಅದೇ ದಿನ ಸಿಕ್ಕಿತು. ಎರಡೂ ಕಡೆ ಸಂಭ್ರಮ ಪಟ್ಟರು, ಪಟಾಕಿ ಹೊಡೆದರು. ನಮ್ಮ ಆದಿಕವಿಯ ಮನೆಯ ವಿವರ ಮತ್ತು ಅವರ ಭಾಷೆಯ ಹಳಮೆಯ ದಾಖಲೆ ಒಂದೇ ಬಂಡೆಯ ಮೇಲೆ, ಒಬ್ಬನೇ ಮನುಷ್ಯ ಬರೆಸಿದ್ದು ಅನ್ನುವುದು ಆ ಸಂಭ್ರಮದಲ್ಲಿ ಎಷ್ಟು ಮಂದಿಗೆ ನೆನಪಿತ್ತೋ ಏನೋ.

ಜಿನವಲ್ಲಭ ಯಾಕೆ ಮೂರು ಭಾಷೆ ಬಳಸಿದ? ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದಲ್ಲ ಅಂತ ನನಗನ್ನಿಸುತ್ತದೆ. ಸಂಸ್ಕೃತ ಪಂಡಿತರಿಗೆ. ಕನ್ನಡ ಆಸ್ಥಾನಕ್ಕೆ ಮತ್ತು ತನ್ನ ಮನೆಯವರಿಗೆ. ತೆಲುಗು ಸುತ್ತಲಿನ ಜನರಿಗೆ. ಆಗ ಕನ್ನಡಕ್ಕೂ ತೆಲುಗಿಗೂ ಲಿಪಿ ಹೆಚ್ಚುಕಡಿಮೆ ಒಂದೇ. ಕೆತ್ತುವವನ ಉಳಿಗೆ ಭಾಷೆ ಬದಲಾದದ್ದು ಗೊತ್ತಾಗುವ ಕಾರಣವೇ ಇರಲಿಲ್ಲ. ಇದೇ ಸೀಮೆಯಲ್ಲಿ, 959ರಲ್ಲಿ, ಅರಿಕೇಸರಿಯ ಮಗನ ಆಶ್ರಯದಲ್ಲಿ ಸೋಮದೇವಸೂರಿ ಸಂಸ್ಕೃತದ ‘ಯಶಸ್ತಿಲಕ ಚಂಪೂ’ ಮುಗಿಸಿದ. ಮುಗಿಸಿದ ಊರು ಗಂಗಧಾರಾ ಅಂತ ಅವನು ಬರೆದಿದ್ದಾನೆ. ಅದು ಈಗಿನ ಗಂಗಾಧರವೇ ಅಂತ ಹಲವು ವಿದ್ವಾಂಸರು ಗುರುತಿಸುತ್ತಾರೆ. ಹಾಗಾದರೆ ಇಪ್ಪತ್ತು ವರ್ಷದೊಳಗೆ, ಒಂದು ದಿನದಲ್ಲಿ ಸುತ್ತಿ ಬರುವಷ್ಟು ಜಾಗದಲ್ಲಿ, ಮೂರು ಭಾಷೆಗಳಲ್ಲಿ ಇಂಥ ಕೆಲಸ ನಡೆದಿದೆ. ಇಂದು ಅಲ್ಲಿ ಬಸ್ಸಿಳಿದರೆ ಕಾಣುವುದು ಒಂದು ಚಹದಂಗಡಿ, ನಾಲ್ಕು ಆಟೋ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತು ಅಂತ ‘ಕವಿರಾಜಮಾರ್ಗ’ ಹೇಳುತ್ತದೆ. ಕುರಿಕ್ಯಾಲ ಗೋದಾವರಿಯ ಈಚೆ ದಡಕ್ಕೇ ಬರುತ್ತದೆ. ಈ ಸಂಗತಿ ತಿಳಿದ ನಮ್ಮ ಕಡೆಯ ಗೆಳೆಯರು, “ಹಂಗಂದ್ರ ಇದೆಲ್ಲಾ ನಮ್ಮದ ಆತಲ್ಲೋ ಮಾರಾಯಾ!” ಅನ್ನುತ್ತಾರೆ. ತೆಲುಗು ಗೆಳೆಯರಿಗೆ ಪಂಪನ ತಂದೆಯ ಊರು ತಿಳಿದರೆ ಅವರೂ ಹಾಗೇ, “ಅಯ್ಯೋ, ಪಂಪ ನಮ್ಮವನು ಕಣಯ್ಯಾ!” ಅನ್ನುತ್ತಾರೆ. ಎರಡೂ ಪ್ರೀತಿಯ ಮಾತುಗಳೇ. ಆದರೆ ಬಂಡೆ ಹೇಳುವುದು ಬೇರೆ. ರಾಷ್ಟ್ರಕೂಟರ ಕಾಲದಲ್ಲಿ ಕನ್ನಡ ಆಳುವವರ ಭಾಷೆಯಾಗಿ, ಕಾವ್ಯದ ಭಾಷೆಯಾಗಿ ಇಲ್ಲಿಯವರೆಗೆ ಬಂದಿತ್ತು, ನಿಜ. ಹಾಗಂತ ಇಲ್ಲಿಯ ಮನೆಮನೆಯಲ್ಲೂ ಕನ್ನಡ ಇತ್ತು ಅಂತಲ್ಲ. ಮನೆಮನೆಯಲ್ಲೂ ಕನ್ನಡ ಇದ್ದಿದ್ದರೆ ಜಿನವಲ್ಲಭ ಕಷ್ಟಪಟ್ಟು ತೆಲುಗು ಕಂದ ಕೆತ್ತಿಸುತ್ತಿರಲಿಲ್ಲ. ನಾಡಿನ ಎಲ್ಲೆ ಅನ್ನುವುದನ್ನು ಆಗಿನವರು ನಮ್ಮ ಹಾಗೆ ಬೇಲಿಯಂತೆ ನೆನೆಯುತ್ತಿರಲಿಲ್ಲ ಅಂತ ಕಾಣುತ್ತದೆ.

ಬೇಲಿ ಹಾಕಿದ್ದು ಬಹಳ ಈಚೆಗೆ. ನಿಜಾಮರ ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಬೀದರ, ಗುಲ್ಬರ್ಗಾ, ರಾಯಚೂರು ಮತ್ತು ಕರೀಂನಗರ ಒಂದೇ ಸರಕಾರದ ಕೆಳಗೆ ಇದ್ದವು. ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕನ ಶಾಸನವಾಗಲಿ, ಕೊಪ್ಪಳದ ಕನ್ನಡ ಶಾಸನಗಳಾಗಲಿ ಮೊದಲು ಪುಸ್ತಕವಾಗಿ ಹೊರಬಂದದ್ದು ಹೈದರಾಬಾದಿನ ಪುರಾತತ್ವ ಇಲಾಖೆಯಿಂದ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ ಸೇರಿದವು. ಅದು ಆಗಬೇಕಾದ ಕೆಲಸವೇ. ನಮ್ಮ ಜನಕ್ಕೆ ನಮ್ಮ ಭಾಷೆಯಲ್ಲಿ ಶಾಲೆ, ಕಚೇರಿ ಬೇಕಿತ್ತು. ಆದರೆ ಆ ಗೆರೆಯ ಜೊತೆಗೆ ಒಂದು ಅಭ್ಯಾಸವೂ ಬಂತು. ಗೆರೆಯ ಆಚೆಗಿರುವುದನ್ನು ನಾವು ಓದುವುದು ಕಡಿಮೆಯಾಯಿತು. ಕನ್ನಡದ ಎಂ.ಎ. ವಿದ್ಯಾರ್ಥಿಗಳು ಕುರಿಕ್ಯಾಲದ ಶಾಸನವನ್ನು ಪುಸ್ತಕದಲ್ಲಿ ಓದುತ್ತಾರೆ. ಅಲ್ಲಿಗೆ ಹೋಗಿ ನೋಡಿದವರು ಎಷ್ಟು ಮಂದಿ ಇದ್ದಾರು?

ಆ ಬಂಡೆಯ ಮುಂದೆ ಕೂತಾಗ ಹೊರನಾಡಿನವರಾದ ನಮಗೆ ಬೇರೆಯೂ ಒಂದು ಯೋಚನೆ ಬರುತ್ತದೆ. ನಮ್ಮ ಮನೆಗಳಲ್ಲಿ ಯಾವಾಗಲೂ ನಡೆಯುವ ಚರ್ಚೆ ಒಂದೇ. ಮಕ್ಕಳು ಹೊರಗೆ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಹೈದರಾಬಾದಿ ಹಿಂದಿ ಆಡುತ್ತವೆ. ಕನ್ನಡ ಎಲ್ಲಿ ಉಳಿಯುತ್ತದೆ? ಕಾಚಿಗುಡಾದಲ್ಲಿ ನೃಪತುಂಗನ ಹೆಸರಿನ ಶಾಲೆ ಕಟ್ಟಿದ ಹಿರಿಯರಿಗೂ ಇದೇ ಚಿಂತೆ ಇದ್ದಿರಬೇಕು. ಕೆಲವರು ಹೆದರಿ ಮಕ್ಕಳಿಗೆ ತೆಲುಗೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ಹೇಗೂ ಇಲ್ಲೇ ಇರುವವರಲ್ಲವೇ ಅಂತ ಕನ್ನಡವನ್ನೇ ಬಿಡುತ್ತಾರೆ. ಅಬ್ಬಣಬ್ಬೆ ಎರಡನ್ನೂ ಮಾಡಲಿಲ್ಲ. ಅವಳ ಒಬ್ಬ ಮಗ ಅವಳ ತವರಿನ ಸೀಮೆಯ ಮಾತಿನಲ್ಲಿ ಎರಡು ಮಹಾಕಾವ್ಯ ಬರೆದ. ಇನ್ನೊಬ್ಬ ಮಗ ಅದೇ ಮಾತಿನ ಪಕ್ಕದಲ್ಲಿ ನೆರೆಯವರ ಮಾತಿಗೂ ಕಲ್ಲಿನ ಮೇಲೆ ಜಾಗ ಕೊಟ್ಟ. ತೆಲುಗಿಗೆ ಜಾಗ ಕೊಟ್ಟದ್ದರಿಂದ ಕನ್ನಡಕ್ಕೆ ಏನೂ ಕಡಿಮೆಯಾಗಲಿಲ್ಲ. ಹಾಗೆ ನೋಡಿದರೆ ಅಲ್ಲಿ ತೆಲುಗು ಇದ್ದದ್ದಕ್ಕೇ ಅದನ್ನು ಕಾಪಾಡಿಕೊಳ್ಳುವ ಕೈಗಳೂ ಹೆಚ್ಚಾದವು.

ಕಾಪಾಡುವ ಅಗತ್ಯ ನಿಜವಾಗಿಯೂ ಇತ್ತು. ಕರೀಂನಗರದ ಗ್ರಾನೈಟಿಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆ ಇದೆ. ಆ ರಸ್ತೆಯಲ್ಲಿ ಹೋಗುವಾಗ ಅರ್ಧ ಕೊರೆದು ಬಿಟ್ಟ ಗುಡ್ಡಗಳು, ದೊಡ್ಡ ದೊಡ್ಡ ಕಲ್ಲಿನ ತುಂಡು ಹೊತ್ತ ಲಾರಿಗಳು ಕಾಣುತ್ತವೆ. ಗಣಿಯ ಭಯ ಬೊಮ್ಮಲಗುಟ್ಟಕ್ಕೂ ತಪ್ಪಲಿಲ್ಲ. ಆಗ ದನಿ ಎತ್ತಿದವರು ಅಲ್ಲಿಯ ಇತಿಹಾಸಾಸಕ್ತರು, ತೆಲುಗು ಭಾಷಾಭಿಮಾನಿಗಳು. ತೆಲುಗಿನ ಮೊದಲ ಕಂದಪದ್ಯಗಳು ಒಡೆದು ಹೋಗಬಾರದು ಅಂತ ಅವರು ಹೋರಾಡಿದಾಗ ಪಂಪನ ತಾಯಿಯ ಹೆಸರೂ ಜೊತೆಗೆ ಉಳಿಯಿತು. ಈ ಉಪಕಾರ ನಮ್ಮವರಿಗೆ ಗೊತ್ತಿರಬೇಕು.

ಊರಿನಿಂದ ನೆಂಟರು ಬಂದರೆ ನಾವು ಚಾರ್‌ಮಿನಾರ್ ತೋರಿಸುತ್ತೇವೆ, ಸಾಲಾರ್‌ಜಂಗ್ ಮ್ಯೂಸಿಯಂ ತೋರಿಸುತ್ತೇವೆ, ಬಿರಿಯಾನಿ ತಿನ್ನಿಸಿ ಕಳಿಸುತ್ತೇವೆ. ನಿಮ್ಮವರು ಯಾರಾದರೂ ಹೈದರಾಬಾದಿನಲ್ಲಿದ್ದರೆ ಮುಂದಿನ ಸಲ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಚಳಿಗಾಲ ಒಳ್ಳೆಯದು. ಬೇಸಿಗೆಯಲ್ಲಿ ಆ ಬಂಡೆಗಳು ಹೆಂಚಿನ ಹಾಗೆ ಕಾಯುತ್ತವೆ. ನೀರು ಒಯ್ಯಿರಿ, ಕಾಲಿಗೆ ಗಟ್ಟಿ ಚಪ್ಪಲಿ ಇರಲಿ. ಬೆಳಗ್ಗೆ ಬೇಗ ಹೋದರೆ ಓರೆ ಬಿಸಿಲಿಗೆ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಹತ್ತುವಾಗ ದಾರಿ ತಪ್ಪಿದರೆ ಯಾರನ್ನಾದರೂ ಬೊಮ್ಮಲಮ್ಮ ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ. ಪಂಪನ ಹೆಸರು ಹೇಳಿದರೆ ಅಲ್ಲಿ ಎಲ್ಲರಿಗೂ ಗೊತ್ತಾಗಲಿಕ್ಕಿಲ್ಲ. ಅದನ್ನು ಅವರಿಗೆ ಹೇಳುವ ಕೆಲಸ ನಮ್ಮದು. ಅವರ ಕಂದಪದ್ಯಗಳನ್ನು ಅವರಿಂದ ಓದಿಸಿಕೊಂಡು ಕೇಳುವ ಕೆಲಸವೂ ನಮ್ಮದೇ.